ಅಮ್ಮ ನಟಿಸಿದ ಒಂದೇ ಸಿನಿಮಾ

ಸುಂಕದಕಟ್ಟೆಯ ಗಾರ್ಮೆಂಟ್ಸ್ ಗೇಟಿನ ಮುಂದೆ ಕಾರ್ಮಿಕರ ಹಕ್ಕಿನ ಕರಪತ್ರ ಹಂಚುತ್ತಿದ್ದ ನರೆಗಡ್ಡದ ವ್ಯಕ್ತಿಯನ್ನು ನೋಡಿ ನಿಂತುಬಿಟ್ಟೆ. ಇಪ್ಪತ್ತು ವರ್ಷದ ಹಿಂದೆ ರಾಜಾಜಿನಗರದ ನಮ್ಮ ಬಾಡಿಗೆ ಮನೆಯಲ್ಲಿ ಅವರು ತಾವೇ ನಿರ್ದೇಶಿಸಿ, ನಟಿಸಿ ಸಿನಿಮಾ ತೆಗೆದಿದ್ದರು. ತಾಯಿಯ ಪಾತ್ರದವರು ಬಾರದಿದ್ದಾಗ ನಮ್ಮಮ್ಮನನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದ್ದರು. ಆ ಸಿನಿಮಾ ಥಿಯೇಟರಿಗೆ ಬರಲೇ ಇಲ್ಲ.

ಗುರುತು ಹೇಳಿಕೊಂಡು, "ಸಿನಿಮಾ ಬಿಟ್‌ಬಿಟ್ರಾ ಸಾರ್?" ಎಂದೆ.

"ಈ ಹೆಣ್ಮಕ್ಕಳ ಮೇಲೆ ಒಂದು ಸಿನಿಮಾ ಮಾಡೋಣ ಅಂತ ಬಂದೆ ಕಣಮ್ಮ. ಹೋರಾಟದಲ್ಲೇ ಉಳ್ಕೊಂಡೆ," ಎಂದರು. "ಅಮ್ಮ ಹೇಗಿದಾರೆ?"

ಅಮ್ಮ ತೀರಿಕೊಂಡಿದ್ದನ್ನು ಹೇಳಿದೆ. ಅವರು ಕರಪತ್ರವೊಂದರ ಹಿಂದೆ ನನ್ನ ನಂಬರ್ ಬರೆದುಕೊಂಡರು.

ಮರುದಿನ ಅವರಿಂದ ಮೊಬೈಲಿಗೆ ಅಮ್ಮ ನಟಿಸಿದ್ದ ಆ ದೃಶ್ಯ ಬಂತು. ಹೇಳಬೇಕಾದ ಮಾತು ಮರೆತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಮ್ಮ ನಗುತ್ತಿದ್ದಳು. ಅವಳ ನಗುವಿನ ಸದ್ದು ನನಗೆ ಮರೆತೇ ಹೋಗಿತ್ತು.