ಕಾಕಾನ ದಿಡ್ಡಿ

ಲ್ಯಾಪ್‌ಟಾಪಿನ ಕೀಗಳ ಸಂದಿಯಲ್ಲಿ ಇನ್ನೂ ವಿಭೂತಿಯ ಪುಡಿ ಇದೆ. ಮೊನ್ನೆ ಒರೆಸಲು ಕೂತವಳು ಒರೆಸದೆ ಬಟ್ಟೆ ಮಡಿಸಿಟ್ಟೆ. ಬನಹಟ್ಟಿಯಲ್ಲಿ ನಮ್ಮ ಹಿತ್ತಲಿಗೆ ಹಿತ್ತಲು ಹತ್ತಿಕೊಂಡ ಮನೆಯ ಕಾಕಾ, ನಿವೃತ್ತ ಡ್ರಾಯಿಂಗ್ ಮಾಸ್ತರರು, ಪೂಜೆ ಮುಗಿಸಿ ಕೈ ಕೂಡ ತೊಳೆಯದೆ ತಮ್ಮ ಈ ಲ್ಯಾಪ್‌ಟಾಪಿನಲ್ಲಿ ಆಟಕ್ಕೆ ಕೂರುತ್ತಿದ್ದರು...

ಕೋಟೆ ಕಟ್ಟುವ ಆಟ ಅದು. ಕಲ್ಲು ತರಬೇಕು, ಗೋಡೆ ಎಬ್ಬಿಸಬೇಕು, ದಂಡು ಬಂದಾಗ ಊರು ಉಳಿಸಿಕೊಳ್ಳಬೇಕು. ಕಲಿಸಿದವಳು ನಾನೇ. ಅಬ್ಬಬ್ಬಾ, ಏನು ತಯಾರಿ ಅವರದು! ಮೊದಲು ಹಾಳೆಯ ಮೇಲೆ ಸ್ಕೇಲು ಹಿಡಿದು ನಕ್ಷೆ, ಆಮೇಲೆ ಕಂದಕ, ಬುರುಜು. ಇಷ್ಟೆಲ್ಲ ಮಾಡಿ ಹಿಂಬದಿಗೆ ಒಂದು ಸಣ್ಣ ದಿಡ್ಡಿ ಬಾಗಿಲು ಇಡುತ್ತಿದ್ದರು. ದಂಡು ಕಣ್ಣಿಗೆ ಬಿದ್ದರೂ ಅದನ್ನು ಮುಚ್ಚುತ್ತಿರಲಿಲ್ಲ.

"ಕಾಕಾ, ದಿಡ್ಡಿ ಮುಚ್ಚ್ರಿ! ಬಂದ್ರು, ಬಂದ್ರು!"

"ತಡಿ ಬೇ, ಹೊಲಕ್ಕ ಹೋದಾವ್ರು ಇನ್ನೂ ಇಬ್ಬರು ಹೊರಗ ಅದಾರ. ಅವರೇನ್ ಮಾಡಬೇಕು?"

ಆ ಇಬ್ಬರ ಬೆನ್ನ ಹಿಂದೆಯೇ ವೈರಿಗಳೂ ಒಳಗೆ. ಕಣಜಕ್ಕೆ ಬೆಂಕಿ. ಪ್ರತಿ ಸಲವೂ ಇದೇ ಹಾಡು. "ನಿಮ್ಮ ಕೈಯಾಗ ಕೋಟಿ ಕೊಟ್ರ ಮುಗದ ಹೋತು" ಎಂದು ನಾನು ರೇಗಿಸಿದರೆ ಹೊಟ್ಟೆ ಹಿಡಿದು ನಗುತ್ತಿದ್ದರು.

ಕೊರೊನಾ ಬಂದಾಗ, ದಮ್ಮಿನ ರೋಗವಿದ್ದ ಕಾಕಾ ಮನೆಯನ್ನೇ ಕೋಟೆ ಮಾಡಿಕೊಂಡರು. ಮುಂಬಾಗಿಲಿಗೆ ಅಡ್ಡ ಹಗ್ಗ, ಹಾಲಿನವನಿಗೆ ಕಟ್ಟೆಯ ಮೇಲೆ ಪಾತ್ರೆ, ತರಕಾರಿಗೆ ಉಪ್ಪುನೀರು. ಸಾವಳಗಿಯಿಂದ ಬಂದ ಸ್ವಂತ ತಮ್ಮನನ್ನೂ ಹಗ್ಗದಾಚೆ ನಿಲ್ಲಿಸಿಯೇ ಮಾತಾಡಿಸಿ ಕಳಿಸಿದರು. ನಾನು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ, ದಿನವಿಡೀ ಕೆಮ್ಮುವ ಮಂದಿಯ ನಡುವೆ. ಅವ್ವ ಗಲಗಲಿಯ ತವರಿನಲ್ಲಿ ಸಿಕ್ಕಿಬಿದ್ದಿದ್ದಳು, ಮನೆಯಲ್ಲಿ ನಾನೊಬ್ಬಳೇ. ಸಂಜೆ ಹಿತ್ತಲಿಗೆ ಬಂದರೆ ಕಾಕಾನ ಮನೆಯ ದಿಡ್ಡಿ ತೆರೆದೇ ಇರುತ್ತಿತ್ತು.

"ಬ್ಯಾಡ್ರಿ ಕಾಕಾ, ನಾ ಎಲ್ಲಾರ ನಡುವ ನಿಂತು ಬಂದೇನಿ."

"ನೀ ಹೊರಗಿನಾಕಿ ಏನ್ ಬೇ? ಬಾ ಒಳಗ."

ಹೋಗಬಾರದಿತ್ತು. ಹೋದೆ. ಒಬ್ಬಳೇ ಕೂತು ಉಣ್ಣುವುದು ಸಾಕಾಗಿತ್ತು... ಅವರ ಹೆಂಡತಿ, ನಮ್ಮ ಕಾಕು, ಬಡಿದು ಕೊಟ್ಟ ಬಿಸಿ ರೊಟ್ಟಿ, ಆಮೇಲೆ ಒಂದಾಟ. ಒಂದು ವಾರ ಹೀಗೇ ನಡೆಯಿತು. ಆಮೇಲೆ ನನಗೆ ಜ್ವರ ಬಂತು. ನಾನು ಎದ್ದು ಓಡಾಡುವ ಹೊತ್ತಿಗೆ ಕಾಕಾನನ್ನು ಜಮಖಂಡಿಯ ದವಾಖಾನೆಗೆ ಒಯ್ದಿದ್ದರು. ತಿರುಗಿ ಬರಲಿಲ್ಲ.

ನಾನೇ ಒಯ್ದು ಕೊಟ್ಟೆ ಆ ಜ್ವರವನ್ನು. ಕಾಕು ಒಂದು ದಿನವೂ ಹಾಗೆ ಅನ್ನಲಿಲ್ಲ. ಅಂದು ಬಿಟ್ಟಿದ್ದರೆ ಚೆನ್ನಾಗಿತ್ತು. ವರ್ಷ ತುಂಬಿದ ಮೇಲೆ ಲ್ಯಾಪ್‌ಟಾಪು ತಂದು, "ನೀನ ಇಟ್ಕೋ ತಂಗಿ, ನನಗೇನ್ ತಿಳೀತೈತಿ ಅದರಾಗ" ಎಂದು ನನ್ನ ತೊಡೆಯ ಮೇಲಿಟ್ಟು ಹೋದರು.

ಮೊನ್ನೆ ಕಡೆಗೂ ಆಟ ತೆರೆದೆ. ಕಾಕಾ ಅರ್ಧಕ್ಕೆ ಬಿಟ್ಟ ಕೋಟೆ ಹಾಗೇ ಇತ್ತು. ದಂಡು ಹಳ್ಳ ದಾಟಿತ್ತು. ದಿಡ್ಡಿ ತೆರೆದಿತ್ತು. ಹುಲ್ಲಿನ ಹೊರೆ ಹೊತ್ತ ಒಬ್ಬಳು ಮಾತ್ರ ಹೊಲದಿಂದ ಇನ್ನೂ ಬರುತ್ತಿದ್ದಳು...

ಗುಂಡಿ ಒತ್ತಿದೆ. ದಿಡ್ಡಿ ಮುಚ್ಚಿತು, ಅವಳು ಹೊರಗೇ ಉಳಿದಳು. ಕಾಕಾನ ಕೋಟೆ ಮೊದಲ ಸಲ ಉಳಿಯಿತು.

"ಮುಚ್ಚೇನ್ರಿ ಕಾಕಾ" ಎಂದೆ, ಪಕ್ಕದಲ್ಲೇ ಕೂತವರಿಗೆ ಹೇಳುವಂತೆ.