ಹೊಂಡದ ಸೋಮವಾರದ ಫೋಟೋ

ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮೂರು. ಊರ ಹಿಂದೆ ಕಲ್ಲಿನ ಮೆಟ್ಟಿಲಿನ ಹಳೆಯ ಹೊಂಡವೊಂದಿದೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅದರ ನೀರಿನಲ್ಲೇ ಕುರಿ ತೊಳೆದು ಉಣ್ಣೆ ಕತ್ತರಿಸುತ್ತಿದ್ದೆವು. ಮನೆ ಮನೆಗೆ ನಲ್ಲಿ ಬಂದ ಮೇಲೆ ಹೊಂಡದ ಕಡೆ ಯಾರೂ ತಿರುಗಿ ನೋಡಲಿಲ್ಲ. ಕಸ ಬಿತ್ತು, ಹೂಳು ತುಂಬಿತು, ಮೆಟ್ಟಿಲು ಮುಚ್ಚಿತು. ಅದರ ಮೇಲೆ ಹುಲ್ಲು ಬೆಳೆದು ಎಮ್ಮೆ ಮೇಯುವ ಹಾಗಾಯಿತು.

ನಮ್ಮದು ಎಂಬತ್ತು ಕುರಿ. ಬೇಸಿಗೆಯಲ್ಲಿ ನಲ್ಲಿ ನೀರನ್ನು ಕುರಿಗೆ ಬಿಟ್ಟರೆ ಊರವರು ಬೈಯುತ್ತಾರೆ. ಬೈಯುವುದು ಸರಿಯೇ. ಹೊಂಡ ತೆಗೆಸೋಣ ಎಂದು ನಾನು ಎರಡು ವರ್ಷ ಬಾಯಿ ಬಡಿದುಕೊಂಡೆ. ಊರಿನ ಗಂಡಸರು ಹೂಂ ಎಂದರು, ಎದ್ದು ಹೋದರು. ಕೊನೆಗೆ ನಾನು ಕೇಳಿದ್ದು ಊರಿನ ಹೆಣ್ಣುಮಕ್ಕಳನ್ನು. ಇಲ್ಲಿ ಹುಟ್ಟಿ, ಸೊರಬ, ಹಾನಗಲ್, ದಾವಣಗೆರೆ ಅಂತ ಕಂಡ ಕಂಡ ಕಡೆ ಮದುವೆಯಾಗಿ ಹೋದವರು. ಅವರದೊಂದು ಮೊಬೈಲ್ ಗ್ರೂಪ್ ಇದೆ, ಸೊಸೆ ನನ್ನನ್ನೂ ಅದಕ್ಕೆ ಸೇರಿಸಿದ್ದಳು. ನನಗೆ ಬರೆಯುವುದು ನಿಧಾನ. ಅದಕ್ಕೇ ಮಾತಾಡಿ ಕಳಿಸಿದೆ: "ನಿಮ್ಮ ತವರಿನ ಹೊಂಡ ಹೂತು ಹೋಗೈತಿ. ಮಳೆಗಾಲಕ್ಕೆ ಮುಂಚೆ ತೆಗೆಸ್ಬೇಕು. ನಾ ನಿಂತು ಮಾಡಿಸ್ತೀನಿ, ನೀವು ಕೊಡ್ರಿ." ನನ್ನ ಮಾತಿನ ಮೇಲೆ ಕೊಟ್ಟರು. ಒಬ್ಬಳು ಎಮ್ಮೆ ಹಾಲಿನ ದುಡ್ಡು ಕೊಟ್ಟಳು, ಇನ್ನೊಬ್ಬಳು ಹೊಲಿಗೆಯದು. ಉಳಿದದ್ದನ್ನು ಕೆಲಸ ಸಾಗಿದ ಹಾಗೆ ಕಳಿಸುತ್ತೇವೆ ಎಂದರು.

ಪೂಜೆ ಮಾಡಿ ಕಾಯಿ ಒಡೆದು ಕೆಲಸ ಹಿಡಿದೆವು. ಅವತ್ತೇ ಊರ ಹಿರಿಯರೊಬ್ಬರು, ನನಗೆ ವರಸೆಯಲ್ಲಿ ಮಾವ ಆಗಬೇಕು, ಒಂದು ಕಟ್ಟು ಹಾಕಿದರು. ಗಂಗೆ ಕಾಣುವ ತನಕ ಅಗೆದ ಹೊಂಡವನ್ನು ಹೊರಗಿನವರಿಗೆ ತೋರಿಸಬಾರದು, ದೃಷ್ಟಿಯಾಗುತ್ತದೆ, ನೀರು ಹಿಂದಕ್ಕೆ ಹೋಗುತ್ತದೆ. ನಮ್ಮಲ್ಲಿ ಬಾವಿ ತೋಡುವಾಗಲೂ ಹೀಗೇ. ನಾವು ತೆಂಗಿನ ಗರಿಯ ತಟ್ಟಿ ಹೆಣೆದು ರಸ್ತೆಯ ಕಡೆಗೆ ಮರೆ ಕಟ್ಟಿದೆವು. ಹೆಣ್ಣುಮಕ್ಕಳು ಫೋಟೋ ಕಳಿಸಿ ಎಂದು ಕೇಳಿದರೆ, ಮೊದಲ ದಿನದ ಪೂಜೆಯ ಫೋಟೋ ಇತ್ತಲ್ಲ, ಅದನ್ನೇ ಕಳಿಸಿದೆವು. ಮುಂದಿನ ವಾರವೂ ಅದೇ. ಅದರ ಮುಂದಿನ ವಾರವೂ ಅದೇ. ನಮಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಕೆಲಸ ನಿಜವಾಗಿ ನಡೆಯುತ್ತಿತ್ತಲ್ಲ.

ಸೊರಬಕ್ಕೆ ಕೊಟ್ಟ ನನ್ನ ನಾದಿನಿ ಫೋನ್ ಮಾಡಿದಳು. ಅವಳ ನಾಲಿಗೆ ಮೊದಲಿಂದಲೂ ಚೂಪು.

"ಅತ್ತಿಗೆ, ಮೂರು ವಾರದಿಂದ ಅದೇ ತೆಂಗಿನಕಾಯಿ ನೋಡ್ತಾ ಇದೀನಿ. ಅದು ಕೊಳೆಯೋದೇ ಇಲ್ಲವಾ?"

"ಕೆಲಸ ನಡೀತಾ ಐತಿ ಅಂತ ಹೇಳ್ತೀನಲ್ಲ."

"ನೀನು ಹೇಳಿದ್ದು ಕೇಳಿಯೇ ಮೊದಲು ಕೊಟ್ಟದ್ದು. ಈಗ ನೋಡ್ಬೇಕು ಮಾರಾಯ್ತಿ. ನಾನೊಬ್ಬಳೇ ಅಲ್ಲ, ಎಲ್ಲರೂ ಕೈ ತಡೆದು ಕೂತಿದ್ದಾರೆ. ನಮ್ಮನೇಲಿ ಇವರು ಕೇಳ್ತಾರೆ, ನಿಮ್ಮೂರಿನವರು ಹೊಂಡ ತೆಗೀತಾ ಇದ್ದಾರೋ ಹೋಳಿಗೆ ಊಟ ಮಾಡ್ತಾ ಇದ್ದಾರೋ ಅಂತ."

ಫೋನ್ ಇಟ್ಟ ಮೇಲೆ ಮೈ ಉರಿದುಹೋಯಿತು. ನನ್ನನ್ನು ಯಾರೂ ಇದುವರೆಗೆ ಕಳ್ಳಿ ಎಂದಿರಲಿಲ್ಲ. ಅವಳೂ ಹಾಗೆನ್ನಲಿಲ್ಲ, ಆದರೆ ಹತ್ತಿರ ಬಂದು ನಿಂತಿದ್ದಳು. ಕೂಲಿಗೆ ದುಡ್ಡಿಲ್ಲದೆ ಎರಡು ದಿನಕ್ಕೆ ಕೆಲಸ ನಿಂತಿತು. ಸಲಿಕೆ ಬುಟ್ಟಿ ದಡದ ಮೇಲೆ ಬಿದ್ದಿದ್ದವು. ಮಳೆಗೆ ಎರಡು ತಿಂಗಳೂ ಇರಲಿಲ್ಲ. ಅಗೆದು ಅರ್ಧಕ್ಕೆ ಬಿಟ್ಟರೆ ಒಂದೇ ಮಳೆಗೆ ಎಲ್ಲ ಹೂಳು ವಾಪಸ್, ಕೊಟ್ಟವರ ಎದುರು ನನ್ನ ಮುಖವೂ ಅದರೊಳಗೆ.

ನೆಟ್ಟಗೆ ಹಿರಿಯರ ಮನೆಗೆ ಹೋದೆ. ಅವರು ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು.

"ಮಾವ, ಹೊಂಡದ ಫೋಟೋ ಕಳಿಸ್ತೀನಿ."

"ಗಂಗೆ ಬರಲಿ, ಆಮೇಲೆ ಕಳ್ಸವ್ವ. ಹೊರಗಿನವರ ಕಣ್ಣು ಬೀಳಬಾರದು."

"ಅವರು ಹೊರಗಿನವರಾ? ಅವರು ಹುಟ್ಟಿದ್ದು ಇದೇ ನೀರು ಕುಡಿದು. ಹೊರಗಿನವಳು ನಾನು, ಮದುವೆಯಾಗಿ ಬಂದಾಕಿ. ನಾನು ಮೂರು ವಾರದಿಂದ ದಿನಾ ಆ ಹೊಂಡ ನೋಡ್ತಾ ಇದೀನಿ. ದೃಷ್ಟಿ ಆಗೋದಿದ್ರೆ ಇಷ್ಟೊತ್ತಿಗೆ ನನ್ನಿಂದ ಆಗ್ಬೇಕಿತ್ತು."

 ಅವರು ಎದ್ದು ಎಲೆ ಉಗಿದು ಬಂದು ಹೇಳಿದರು, "ನಿನ್ನ ಕಣ್ಣು ಕೆಟ್ಟದ್ದಂತ ಯಾರಂದ್ರು?"

"ಹಂಗಾದ್ರೆ ಅವರದ್ದೂ ಅಲ್ಲ."

"ಮೂಲೇಲಿ ಒಂದು ಬೂದುಗುಂಬಳ ಕಟ್ಟಿಬಿಡು. ನಿನ್ನ ಹತ್ರ ಮಾತಾಡಿ ಗೆದ್ದೋರಿಲ್ಲ."

ಕುಂಬಳ ಕಟ್ಟಿದೆ. ತಟ್ಟಿ ಕಿತ್ತೆ. ಸೋಮವಾರ ನಮ್ಮಲ್ಲಿ ಎತ್ತು ಹೂಡುವುದಿಲ್ಲ, ಮಣ್ಣು ಕೆಲಸವೂ ಇಲ್ಲ, ಹೊಂಡದೊಳಗೆ ಯಾರೂ ಇರುವುದಿಲ್ಲ. ಅದೇ ಸರಿಯಾದ ದಿನ. ಪಡುವಣ ದಡದಲ್ಲಿ ಬಟ್ಟೆ ಒಗೆಯುವ ಚಪ್ಪಟೆ ಕಲ್ಲೊಂದಿದೆ. ಪ್ರತಿ ಸೋಮವಾರ ಬೆಳಿಗ್ಗೆ ಅದರ ಮೇಲೆ ನಿಂತು ಒಂದೇ ಕಡೆಯಿಂದ ಫೋಟೋ ತೆಗೆಯುವುದು ಎಂದುಕೊಂಡೆ. ಸೊಸೆ ಆ ವಾರ ಸಿಕ್ಕ ಕೊನೆಯ ಮೆಟ್ಟಿಲಿನ ಮೇಲೆ ನಿಲ್ಲಬೇಕು, ಎಷ್ಟು ಕೆಳಗೆ ಹೋಗಿದ್ದೇವೆ ಎಂದು ನೋಡಿದವರಿಗೆ ತಿಳಿಯಬೇಕು. ಮೊದಲನೆಯ ಸಲ ಅವಳು ಒಳ್ಳೆ ಸೀರೆ ಉಟ್ಟು ಬಂದಳು. ವಾಪಸ್ ಕಳಿಸಿದೆ. "ನಿನ್ನ ಸೀರೆ ನೋಡೋಕೆ ಯಾರೂ ದುಡ್ಡು ಕೊಟ್ಟಿಲ್ಲ, ಕೆಲಸದ ಸೀರೆ ಉಟ್ಟು ಬಾ" ಎಂದೆ. ಮುಖ ಊದಿಸಿಕೊಂಡು ಹೋಗಿ ಬದಲಾಯಿಸಿ ಬಂದಳು.

ಆ ಫೋಟೋದಲ್ಲಿ ನಾಲ್ಕು ಮೆಟ್ಟಿಲು ಇದ್ದವು. ಕಳಿಸಿ ಒಲೆ ಮೇಲೆ ಹಾಲು ಇಡುವಷ್ಟರಲ್ಲಿ ಮೊಬೈಲು ಕೂಗತೊಡಗಿತು. ಒಬ್ಬಳು ನಕ್ಕು ನಕ್ಕು ಮಾತಾಡಿ ಕಳಿಸಿದ್ದಳು: "ಆ ಮೂರನೇ ಮೆಟ್ಟಿಲ ಮೂಲೆ ಮುರಿದೈತಲ್ಲ, ಅಲ್ಲೇ ಬಿದ್ದು ನನ್ನ ಹಲ್ಲು ಹೋಗಿದ್ದು." ಇನ್ನೊಬ್ಬಳು, "ಒಟ್ಟು ಹನ್ನೆರಡು ಮೆಟ್ಟಿಲು ಇದ್ವು." ಮತ್ತೊಬ್ಬಳು, "ನಿನಗೆ ಎಣಿಸೋಕೆ ಯಾವಾಗ ಬರ್ತಿತ್ತು, ಹದಿನೆಂಟು ಇದ್ವು." ಹಾಲು ಉಕ್ಕಿ ಒಲೆ ಆರಿತು. ನಾನು ನೋಡಲೇ ಇಲ್ಲ, ಮೊಬೈಲು ಕಿವಿಗೆ ಹಿಡಿದು ಕೂತಿದ್ದೆ.

ಮುಂದಿನ ಸೋಮವಾರ ಆರು ಮೆಟ್ಟಿಲು. ಅದರ ಮುಂದೆ ಒಂಬತ್ತು. ಭಾನುವಾರ ಸಂಜೆಯಿಂದಲೇ ಕೇಳಲು ಶುರು ಮಾಡುತ್ತಿದ್ದರು, ಎಷ್ಟಾಯಿತು ಎಂದು. ನಾನು ಹೇಳುತ್ತಿರಲಿಲ್ಲ, ನಾಳೆ ನೋಡಿಕೊಳ್ಳಿ ಎನ್ನುತ್ತಿದ್ದೆ. ಕೇಳದೆಯೇ ದುಡ್ಡು ಬರತೊಡಗಿತು. ಕೆಲಸದವರೂ ಭಾನುವಾರ ಒಂದು ಗಂಟೆ ಹೆಚ್ಚಿಗೆ ಅಗೆಯುತ್ತಿದ್ದರು, ಫೋಟೋದಲ್ಲಿ ಇನ್ನೊಂದು ಮೆಟ್ಟಿಲು ಕಾಣಲಿ ಎಂದು. ಈ ವಯಸ್ಸಿನಲ್ಲಿ ನನಗೆ ಸೋಮವಾರಕ್ಕೆ ಕಾಯುವ ಹುಚ್ಚು ಹಿಡಿಯಿತು.

ಹತ್ತನೆಯ ಮೆಟ್ಟಿಲು ಸಿಕ್ಕ ವಾರ, ಮಧ್ಯಾಹ್ನ ಗುಡುಗಿ ಒಂದು ದೊಡ್ಡ ಮಳೆ ಹೊಡೆಯಿತು. ತೆಂಕಣ ದಡ ಕುಸಿದು ಮಣ್ಣು ಕಲ್ಲು ಎಲ್ಲ ಒಳಗೆ ಬಿತ್ತು. ಐದು ಮೆಟ್ಟಿಲು ಮುಚ್ಚಿಹೋದವು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಭಾನುವಾರ ಊರ ಹೆಂಗಸರು ನಮ್ಮ ಜಗಲಿಯಲ್ಲಿ ಕೂತರು.

"ಈ ವಾರ ಬೇಡ. ಹೋದ ವಾರದ್ದೇ ಇನ್ನೊಂದ್ಸಲ ಹಾಕು."

"ಹುಷಾರಿಲ್ಲ ಅಂತ ಹೇಳು, ಮುಗೀತು."

"ತೆಂಗಿನಕಾಯಿ ಆಟ ಒಂದು ಸಲ ಆಡಿ ಸಾಕಾಗೈತಿ," ಎಂದೆ ನಾನು. "ನಗೋರು ನಗಲಿ."

ಸೋಮವಾರ ಅದೇ ಕಲ್ಲಿನ ಮೇಲೆ ನಿಂತು ತೆಗೆದೆ. ಸೊಸೆ ಐದನೆಯ ಮೆಟ್ಟಿಲಿನ ಮೇಲೆ, ಹಿಂದೆ ಕುಸಿದ ದಡ. "ಬಿದ್ದೈತಿ. ಐದು ಮೆಟ್ಟಿಲು ವಾಪಸ್ ಹೋದ್ವು" ಎಂದು ಮಾತು ಸೇರಿಸಿ ಕಳಿಸಿದೆ. ಎಲ್ಲರೂ ನೋಡಿದರು, ಯಾರೂ ಉಸಿರೆತ್ತಲಿಲ್ಲ. ಇಡೀ ದಿನ.  ಮಳೆಗಾಲಕ್ಕೆ ಮೂರು ವಾರ ಉಳಿದಿತ್ತು.

ಮಾರನೆಯ ದಿನ ಹತ್ತು ಗಂಟೆಗೆ ನಾದಿನಿ ಬಂದಳು. ಸೊರಬದಿಂದ ಶಿರಾಳಕೊಪ್ಪಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಹಿಂದೆ ಇಬ್ಬರು ಗಂಡಸರು, ಕೈಯಲ್ಲಿ ಸುತ್ತಿಗೆ, ಗೋಡೆ ನೆಟ್ಟಗಿದೆಯೇ ನೋಡುವ ನೂಲುಗುಂಡು. ನೀರು ಕೊಟ್ಟರೆ ಕುಡಿಯಲಿಲ್ಲ.

"ಮೊದಲು ಹೊಂಡ ತೋರ್ಸು."

ಒಗೆಯುವ ಕಲ್ಲಿನ ಮೇಲೆ ನಿಂತು ಮೊಬೈಲನ್ನು ಕಣ್ಣೆದುರು ಹಿಡಿದಳು. ಒಮ್ಮೆ ಫೋಟೋ, ಒಮ್ಮೆ ಹೊಂಡ. ನಾನು ಹಿಂದೆ ನಿಂತಿದ್ದೆ. ಚಪ್ಪಲಿ ಬಿಟ್ಟು ಕೆಳಗಿಳಿದಳು, ಕುಸಿದ ಕಡೆ ಕಲ್ಲನ್ನು ಕೈಯಿಂದ ತಟ್ಟಿದಳು.

"ಇದ್ದದ್ದು ಇದ್ದ ಹಾಗೆ ಕಳಿಸಿದ್ದೀಯ, ಅತ್ತಿಗೆ."

"ಮತ್ತೇನು, ಬಣ್ಣ ಹಚ್ಚಿ ಕಳಿಸ್ಲಾ?"

"ಇವರು ನಮ್ಮ ಕಡೆ ಕಲ್ಲು ಕಟ್ಟೋರು. ನಿನ್ನ ಫೋಟೋ ತೋರಿಸಿದೆ. ಕೂಡ್ಲೇ ಹೇಳಿದ್ರು, ದಡ ನೆಟ್ಟಗೆ ಕಡಿದಿದ್ದಾರೆ, ಓರೆ ಮಾಡಿ ಕಲ್ಲು ಕೂರಿಸ್ಬೇಕಿತ್ತು ಅಂತ. ನೀನು ಮುಚ್ಚಿಟ್ಟಿದ್ರೆ ಇವರು ಬರ್ತಿರಲಿಲ್ಲ, ಆ ಕಡೆ ದಡವೂ ಬೀಳ್ತಿತ್ತು."

ಅಲ್ಲೇ ನಿಂತು ಗ್ರೂಪಿಗೆ ಮಾತಾಡಿದಳು, "ನಾನು ಕಣ್ಣಾರೆ ನೋಡ್ತಾ ಇದೀನಿ. ಹತ್ತು ಮೆಟ್ಟಿಲು ಇತ್ತು, ಐದು ಮುಚ್ಚಿದೆ, ಅತ್ತಿಗೆ ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ಕೊಡೋರು ಕೊಡಿ, ಮಳೆ ಕಾಯೋದಿಲ್ಲ." ಕತ್ತಲಾಗುವುದರೊಳಗೆ ಹಾನಗಲ್ಲಿನವಳು, ದಾವಣಗೆರೆಯವಳು, ಹಲ್ಲು ಹೋದವಳು, ಎಲ್ಲರೂ ಕಳಿಸಿದ್ದರು. ನಾದಿನಿ ನಾಲ್ಕು ದಿನ ನಮ್ಮಲ್ಲೇ ಉಳಿದಳು. ನನ್ನ ಸಾರಿಗೆ ಹುಳಿ ಹೆಚ್ಚು ಎಂದಳು, ಎರಡು ಸಲ ಬಡಿಸಿಕೊಂಡಳು.

ದಡ ಓರೆ ಮಾಡಿ ಕಲ್ಲು ಕೂರಿಸಿ ಮುಗಿಯುವಾಗ ಮಳೆಗಾಲಕ್ಕೆ ಮೂರು ದಿನ ಉಳಿದಿತ್ತು. ಗುರುವಾರ ಮಧ್ಯಾಹ್ನ, ಹದಿನಾಲ್ಕನೆಯ ಮೆಟ್ಟಿಲಿನ ಕೆಳಗೆ ಸಲಿಕೆ ಹಾಕಿದಾಗ ಚಪ್ಪಡಿ ತಾಗಿತು. ಚಪ್ಪಡಿಯ ಸಂದಿನಿಂದ ತಣ್ಣಗೆ ನೀರು ಒಸರಿ ಕೆಲಸದವರ ಹಿಮ್ಮಡಿ ಮುಚ್ಚಿತು. ಕೂಗು ಕೇಳಿ ನಾನು ಸೆರಗು ಕಟ್ಟಿ ಇಳಿದೆ. ಸೋಮವಾರದ ತನಕ ಎಲ್ಲಿ ಕಾಯುವುದು. ಸೊಸೆ ವಿಡಿಯೋ ಹಚ್ಚಿ ನನ್ನ ಕೈಗೆ ಕೊಟ್ಟಳು. ಪರದೆ ತುಂಬ ಸಣ್ಣ ಸಣ್ಣ ಮುಖಗಳು, ಎಲ್ಲರೂ ಒಟ್ಟಿಗೆ ಮಾತು. ಒಬ್ಬಳು ಆ ಕಡೆ ತಿರುಗಿಸು ಎನ್ನುತ್ತಾಳೆ, ಒಬ್ಬಳು ಈ ಕಡೆ. ನಾದಿನಿಯ ದನಿ ಎಲ್ಲರಿಗಿಂತ ಮೇಲೆ.

"ಅತ್ತಿಗೆ, ಅಲ್ಲಾಡಿಸ್ಬೇಡ, ನೀರು ಕಾಣ್ತಾ ಇಲ್ಲ."

"ಕೆಸರಲ್ಲಿ ಕಾಲು ಜಾರ್ತೈತಿ," ಎಂದೆ. "ಸುಮ್ನೆ ನೋಡು."