ಮೀನಿನ ನೀರು ಕುಡಿದ ಟೊಮೆಟೊ

ಬೈತಖೋಲದ ಬಂದರಿನಲ್ಲಿ ಬೆಳಿಗ್ಗೆಯಿಂದ ಕುಕ್ಕುರುಗಾಲಲ್ಲಿ ಕೂತು ಮೀನು ಆರಿಸಿ ಹಬ್ಬುವಾಡದ ಮನೆ ಮುಟ್ಟುವ ಹೊತ್ತಿಗೆ, ನನಗೆ ಸೊಂಟ ಅಂತೊಂದು ಇದೆಯೋ ಇಲ್ಲವೋ ಎನ್ನುವ ಹಾಗಾಗಿರುತ್ತದೆ. ಆ ವರ್ಷವಂತೂ ಚಪ್ಪಲಿ ಬಿಡುವ ಮೊದಲೇ ಆಯಿ ಒಳಗಿನಿಂದ ವರದಿ ಒಪ್ಪಿಸುತ್ತಿದ್ದಳು.

"ಇವತ್ತೂ ಹಣ್ಣಾಗ್ಲಿಲ್ಲೆ."

ಆಯಿ ನನ್ನ ತಾಯಿ. ಬುಟ್ಟಿ ಹೊತ್ತು ಊರೆಲ್ಲ ಮೀನು ಮಾರಿದವಳು, ಮಂಡಿ ಸೋತು ಮನೆಯಲ್ಲಿ ಕೂತಿದ್ದಳು. ಕೈ ನಡುಗುತ್ತದೆಂದು ಅವಳಿಂದ ಕತ್ತಿ ತೆಗೆದುಕೊಂಡೆ. ಆಮೇಲೆ ಒಲೆಯ ಕೆಲಸವನ್ನೂ ತೆಗೆದುಕೊಂಡೆ. ಉಳಿದದ್ದು ಬಚ್ಚಲಿನ ಹಿಂದಿನ ಎರಡು ಟೊಮೆಟೊ ಗಿಡ. ಕೊಳೆತ ಹಣ್ಣೊಂದನ್ನು ಹಿಸುಕಿ ಅವಳೇ ಎಬ್ಬಿಸಿದ್ದು. ಮೀನು ತೊಳೆದ ನೀರನ್ನು ಚೆಲ್ಲುವುದು ನಮ್ಮ ಜನಕ್ಕೆ ಗೊತ್ತಿಲ್ಲ. ತೆಂಗು, ಬಸಳೆ, ನುಗ್ಗೆ, ಯಾವುದಕ್ಕಾದರೂ ಹೊಯ್ಯಲೇಬೇಕು. ನಾನು ಬಂಗಡೆ ತೊಳೆಯುವುದನ್ನೇ ಕಾದಿದ್ದು, ಆಯಿ ಆ ಕೆಂಪು ನೀರಿನ ಬಕೆಟ್ಟನ್ನು ಗೋಡೆ ಹಿಡಿದುಕೊಂಡು ಹಿತ್ತಲಿಗೆ ಒಯ್ಯುತ್ತಿದ್ದಳು.

ಗಿಡಗಳು ನನಗಿಂತ ಎತ್ತರ ಬೆಳೆದವು. ಎಲೆಯೋ ಎಲೆ. ಕಾಯಿ ಮಾತ್ರ ವಾರಗಟ್ಟಲೆ ಹಸಿರಾಗಿಯೇ ತೂಗುತ್ತಿದ್ದವು. "ಸಾಲ್ತಾ ಇಲ್ಲ ಅದ್ಕೆ, ಬಂದರಿಂದ ಮೀನಿನ ತಲೆ, ಕರುಳು ಹಿಡ್ಕಂಡು ಬಾ" ಎಂದಳು ಆಯಿ. ಅದನ್ನೂ ಹೊತ್ತು ತಂದೆ. ಟೆಂಪೋದಲ್ಲಿ ಚೀಲ ಸೋರಿ, ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡು ಎದ್ದು ಹೋದರು. ನನಗೆ ಸೀಟು ಸಿಕ್ಕಿತಲ್ಲ ಅಂತ ಕಾಲು ಚಾಚಿ ಕೂತೆ.

ಕೊನೆಗೆ ಆಯ್ತವಾರದ ಸಂತೆಯಲ್ಲಿ, ಅಂಕೋಲಾ ಕಡೆಯಿಂದ ತರಕಾರಿ ತರುವ ಹೆಂಗಸೊಬ್ಬಳನ್ನು ಕೇಳಿದೆ. ಅವಳು ನಕ್ಕುಬಿಟ್ಟಳು.

"ಅಯ್ಯ ತಂಗಿ, ಹಂಗೆ ತಿನ್ಸಿದ್ರೆ ಸೊಪ್ಪೇ ಬತ್ತದೆ. ಹೊಟ್ಟೆ ತುಂಬಿದ ಗಿಡ ಎಂತಕೆ ಹಣ್ಣು ಮಾಡ್ತದೆ? ಮೀನಿನ ನೀರು ನಿಲ್ಸು. ಸುಮ್ನೆ ಬಿಡು ಅದ್ನ."

ಮೂರು ದಿನ ಆ ಮಾತನ್ನು ಬಾಯಲ್ಲೇ ಇಟ್ಟುಕೊಂಡೆ. ಅದನ್ನು ಹೇಳಿದರೆ ಆಯಿಗೆ ಇದ್ದ ಒಂದು ಕೆಲಸವೂ ಹೋಗುತ್ತದೆಂದು ನನಗೆ ಗೊತ್ತಿತ್ತು. ನಾಲ್ಕನೆಯ ಸಂಜೆ ಬೆರಳಿಗೆ ಮೀನಿನ ಮುಳ್ಳು ಚುಚ್ಚಿ ಬಾತಿತ್ತು, ಅವಳ ವರದಿ ಶುರುವಾಯಿತು, ನನಗೆ ತಡೆಯಲಾಗಲಿಲ್ಲ.

"ನಿನ್ನ ನೀರಿಂದ್ಲೇ ಹಣ್ಣಾಗ್ತಾ ಇಲ್ಲ! ಹೊಯ್ಬೇಡ ಮಾರಾಯ್ತಿ!"

ಆಯಿ ಬಕೆಟ್ಟನ್ನು ಅಲ್ಲೇ ಕೆಳಗಿಟ್ಟಳು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಆಗ ಹಗುರವಾಯಿತು. ಉಂಡು ಮಲಗಿದೆ.

ಮಾರನೆಯ ದಿನದಿಂದ ವರದಿ ನಿಂತಿತು. ಬಕೆಟ್ಟು ಬಚ್ಚಲಲ್ಲಿ ಕವುಚಿ ಬಿದ್ದಿರುತ್ತಿತ್ತು. ಆಯಿ ಹಿತ್ತಲಿಗೆ ಬೆನ್ನು ಹಾಕಿ ರಸ್ತೆ ನೋಡುತ್ತಾ ಕೂತಿರುತ್ತಿದ್ದಳು. ಕೇಳಿದರೆ "ಹ್ಞೂಂ" ಎನ್ನುವಳು, ಅಷ್ಟೇ. ಬಂದರಿನಿಂದ ದಣಿದು ಬರುವುದಕ್ಕಿಂತ ಆ ಸುಮ್ಮನಿರುವ ಮನೆಯೊಳಗೆ ಕಾಲಿಡುವುದೇ ನನಗೆ ಹೆಚ್ಚು ಸುಸ್ತೆನಿಸತೊಡಗಿತು.

ಎರಡು ವಾರ ಕಳೆದು ಕಾಯಿಗಳಿಗೆ ಬಣ್ಣ ಬಂತು. ಮೊದಲು ಕೆಂಪಾದದ್ದನ್ನು ಕಿತ್ತು ತಂದು ಆಯಿಯ ಕೈಯಲ್ಲಿಟ್ಟೆ. ಅವಳು ತಿರುಗಿಸಿ ತಿರುಗಿಸಿ ನೋಡಿ ಪಕ್ಕಕ್ಕಿಟ್ಟಳು.

"ನಾ ಸುಮ್ನೆ ಕೂತದ್ದಕ್ಕೆ ಹಣ್ಣಾಯ್ತಲೆ" ಎಂದಳು. "ಹಂಗಾರೆ ಇನ್ನು ಕೂತೇ ಇರ್ತೆ."

ಆ ಹಣ್ಣಿನ ಸಾರು ಇಬ್ಬರಿಗೂ ರುಚಿಸಲಿಲ್ಲ.

ಮರುದಿನ ತಾರ್ಲೆ ಮೀನು ತೊಳೆದು, ಬಕೆಟ್ಟನ್ನು ತಂದು ಅವಳ ಕಾಲ ಬುಡದಲ್ಲಿಟ್ಟೆ.

"ತೆಂಗಿನಮರಕ್ಕೆ ಹೊಯ್ದು ಬಾ ಆಯಿ. ಅದ್ಕೆ ಎಷ್ಟು ಹೊಯ್ದ್ರೂ ಬೇಕು."

ನಮ್ಮ ಹಿತ್ತಲಲ್ಲಿ ತೆಂಗಿನಮರವಿಲ್ಲ. ಇರುವುದು ಬೇಲಿಯಾಚೆ, ಪಕ್ಕದ ಮನೆಯವರದು. ಅದು ಆಯಿಗೆ ನನಗಿಂತ ಚೆನ್ನಾಗಿ ಗೊತ್ತು. ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ಬಕೆಟ್ಟು ಹಿಡಿದು ಎದ್ದಳು.